ಹೆಜ್ಜೆ ಎಣಿಸುವ ಗಡಿಯಾರ, ಎಣಿಕೆಗೆ ಬಾರದ ದಣಿವು

ಖಾಲಿದಿಯಾದಲ್ಲಿ ಸಂಜೆಯಾದರೆ ಎರಡು ಬಗೆಯ ನಡಿಗೆ ಕಾಣುತ್ತದೆ. ಕಾರ್ನಿಶ್‌ನ ಕಡಲದಂಡೆಯ ಹಾದಿಯಲ್ಲಿ, ಪಾರ್ಕಿನ ಆಸುಪಾಸಿನಲ್ಲಿ ಕಚೇರಿ ಮುಗಿಸಿ ಬಂದವರು ಬಿರುಸಾಗಿ ನಡೆಯುತ್ತಾರೆ. ನಡುನಡುವೆ ಮಣಿಕಟ್ಟು ತಿರುಗಿಸಿ, ಹೆಜ್ಜೆ ಎಷ್ಟಾಯಿತೆಂದು ನೋಡಿಕೊಳ್ಳುತ್ತಾರೆ. ಅದೇ ಹೊತ್ತಿಗೆ ಅವರ ಕಟ್ಟಡಗಳ ಹಿಂದಿನ ಓಣಿಗಳಲ್ಲಿ ಬಕಾಲಾದ ಹುಡುಗ ನೀರಿನ ಬಾಟಲಿಗಳ ಕಟ್ಟು ಹೊತ್ತು ಓಡಾಡುತ್ತಿರುತ್ತಾನೆ. ನಾತೂರ್ ಮಹಡಿಯಿಂದ ಮಹಡಿಗೆ ಕಸದ ಚೀಲ ಇಳಿಸುತ್ತಿರುತ್ತಾನೆ. ಮನೆಗೆಲಸದ ಹೆಣ್ಣುಮಗಳು ಬೆಳಗಿನಿಂದ ಕೂರದ ಕಾಲುಗಳಲ್ಲಿ ರಾತ್ರಿಯ ಅಡುಗೆಗೆ ನಿಂತಿರುತ್ತಾಳೆ. ಹೆಜ್ಜೆಗಳನ್ನಷ್ಟೇ ಎಣಿಸಿದರೆ ಪಂದ್ಯದಲ್ಲಿ ಗೆಲ್ಲುವವರು ಈ ಎರಡನೆಯ ಗುಂಪಿನವರೇ. ಆದರೆ ಆ ಗೆಲುವಿನ ಫಲ ಅವರ ಹೃದಯಕ್ಕೆ ದಕ್ಕುತ್ತದೆಯೇ?

ದಕ್ಕುವ ಖಾತರಿಯಿಲ್ಲ ಎನ್ನುತ್ತದೆ ವಿಜ್ಞಾನ. ನಡಿಗೆ ಹೃದಯವನ್ನು ಕಾಯುತ್ತದೆಂಬ ಸತ್ಯಕ್ಕೆ ಕೈಗಡಿಯಾರದ ಸಂವೇದಕ ಗಟ್ಟಿಯಾದ ಪುರಾವೆ ಒದಗಿಸಿದೆ, ನಿಜ. ಆದರೆ ಯಾರ ನಡಿಗೆ, ಯಾವ ಬಿಸಿಲಿನ ನಡಿಗೆ, ನಡೆದಾದ ಮೇಲೆ ಮೈಚಾಚಲು ಎಷ್ಟು ಹೊತ್ತು ಸಿಕ್ಕಿತು ಎಂಬುದನ್ನು ಹೆಜ್ಜೆಯ ಸಂಖ್ಯೆ ಹೇಳುವುದಿಲ್ಲ. ಹೀಗೆ ಕೇಳದೆ ಉಳಿದ ಪ್ರಶ್ನೆಗಳ ಮೇಲೆಯೇ ಕೊಲ್ಲಿಯ ಭಾರತೀಯ ಮಧ್ಯಮವರ್ಗ ಹೊಸದೊಂದು ನೀತಿಶಾಸ್ತ್ರವನ್ನು ಕಟ್ಟಿಕೊಂಡಿದೆ. ಅದರ ಪ್ರಕಾರ ಹೃದ್ರೋಗವೆಂದರೆ ಸೋಮಾರಿತನಕ್ಕೆ ಸಿಕ್ಕ ಶಿಕ್ಷೆ, ಆರೋಗ್ಯವೆಂದರೆ ಶಿಸ್ತಿನ ಬಹುಮಾನ. ಈ ನೀತಿಶಾಸ್ತ್ರ ಅರ್ಧಸತ್ಯ. ದುಡಿಯುವವರ ಪಾಲಿಗೆ ಅದು ಅಪಾಯಕಾರಿಯೂ ಹೌದು.

ಮೊದಲು ಸತ್ಯದ ಅರ್ಧವನ್ನು ಒಪ್ಪಿಕೊಳ್ಳೋಣ. ದೇಹಚಲನೆಗೂ ಹೃದಯಕ್ಕೂ ಇರುವ ನಂಟಿನ ಆಧುನಿಕ ಅಧ್ಯಯನ ಆರಂಭವಾದದ್ದು ಬಸ್ಸಿನಲ್ಲಿ. 1953ರಲ್ಲಿ ಜೆರೆಮಿ ಮಾರಿಸ್ ಮತ್ತು ಅವರ ಸಂಗಡಿಗರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ನೌಕರರ ಬಗ್ಗೆ ಬರೆದರು. ದಿನವಿಡೀ ಕೂತೇ ಇರುವ ಚಾಲಕರಿಗಿಂತ, ಮೆಟ್ಟಿಲು ಹತ್ತಿಳಿದು ಟಿಕೆಟ್ ಕೊಡುವ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆಯಿತ್ತು. ಬಂದರೂ ತಡವಾಗಿ ಬರುತ್ತಿತ್ತು. ಕೆಲವೇ ವರ್ಷಗಳ ನಂತರ ಮಾರಿಸ್ ಇನ್ನೊಂದು ಕುತೂಹಲದ ಲೆಕ್ಕ ತೆಗೆದರು. ನೌಕರರಿಗೆ ಹೊಲಿಸಿಕೊಟ್ಟ ಸಮವಸ್ತ್ರದ ಪ್ಯಾಂಟುಗಳ ಸೊಂಟದಳತೆಯನ್ನು ನೋಡಿದಾಗ, ಚಾಲಕರ ಸೊಂಟ ಕಂಡಕ್ಟರುಗಳದ್ದಕ್ಕಿಂತ ದಪ್ಪವಿತ್ತು, ಕೆಲಸಕ್ಕೆ ಸೇರಿದ ಹೊಸದರಲ್ಲೇ ದಪ್ಪವಿತ್ತು. ಅಂದರೆ ಕೆಲಸ ಮಾತ್ರವಲ್ಲ, ಆ ಕೆಲಸಕ್ಕೆ ಎಂಥವರು ಬರುತ್ತಾರೆಂಬುದೂ ಲೆಕ್ಕಕ್ಕೆ ಸೇರಬೇಕು. ಮೈಮೇಲೆ ತೊಟ್ಟ ವಸ್ತುವಿನಿಂದ ಹೃದಯದ ಭವಿಷ್ಯವನ್ನು ಓದಿದ ಮೊದಲಿಗರಲ್ಲಿ ಒಬ್ಬರಾದ ಮಾರಿಸ್, ಆ ಓದಿನ ಮಿತಿಯನ್ನೂ ತೋರಿಸಿಕೊಟ್ಟಿದ್ದರು. ಇಂದಿನವರು ಮರೆತಿರುವುದು ಈ ಎರಡನೆಯ ಪಾಠವನ್ನು.

ದಿನಕ್ಕೆ 10,000 ಹೆಜ್ಜೆ ಎಂಬ ಗುರಿ ಹುಟ್ಟಿದ್ದು ಪ್ರಯೋಗಾಲಯದಲ್ಲಿ ಅಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಯಮಸಾ ಎಂಬ ಜಪಾನಿ ಕಂಪನಿ ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರುಕಟ್ಟೆಗೆ ತಂದು ಅದಕ್ಕೆ ‘ಮಾನ್ಪೋ-ಕೇ’ ಎಂದು ಹೆಸರಿಟ್ಟಿತು. ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂದು ಅದರ ಅರ್ಥ. ಸರಕಿನ ಹೆಸರು ಕಾಲಕ್ರಮೇಣ ವೈದ್ಯರ ಸಲಹೆಯಾಯಿತು, ಕೊನೆಗೆ ಜನರ ಪಾಪಪ್ರಜ್ಞೆಯಾಯಿತು. ನಿಜವಾದ ಅಳತೆ ಬಂದದ್ದು ಅರ್ಧ ಶತಮಾನ ಕಳೆದ ಮೇಲೆ. ಹಾರ್ವರ್ಡ್‌ನ ಐ-ಮಿನ್ ಲೀ ತಂಡ ಸರಾಸರಿ 72 ವಯಸ್ಸಿನ 16,741 ಅಮೆರಿಕನ್ ಮಹಿಳೆಯರಿಗೆ ಸಂವೇದಕ ತೊಡಿಸಿ ನಡೆಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ದಿನಕ್ಕೆ ಸುಮಾರು 2,700 ಹೆಜ್ಜೆ ಇಡುವವರಿಗಿಂತ 4,400 ಹೆಜ್ಜೆ ಇಡುವವರಲ್ಲಿ ಸಾವಿನ ಪ್ರಮಾಣ ಶೇಕಡಾ 41ರಷ್ಟು ಕಡಿಮೆಯಿತ್ತು. 7,500ರ ಆಸುಪಾಸಿಗೆ ಬಂದಾಗ ಹೆಚ್ಚಿನ ಲಾಭ ನಿಂತುಹೋಗಿತ್ತು.

ಬ್ರಿಟನ್ನಿನ ‘ಯುಕೆ ಬಯೋಬ್ಯಾಂಕ್’ ಯೋಜನೆಯಲ್ಲಿ 2013ರಿಂದ 2015ರವರೆಗೆ ಒಂದು ಲಕ್ಷಕ್ಕೂ ಹೆಚ್ಚು ಜನ ಒಂದೊಂದು ವಾರ ಮಣಿಕಟ್ಟಿಗೆ ಸಂವೇದಕ ಕಟ್ಟಿಕೊಂಡರು. ಅವರಲ್ಲಿ ವ್ಯಾಯಾಮವನ್ನೇ ಮಾಡದ 25,241 ಮಂದಿಯ ದತ್ತಾಂಶವನ್ನು ಸಿಡ್ನಿಯ ಇಮ್ಯಾನುಯೆಲ್ ಸ್ಟಮಟಾಕಿಸ್ ತಂಡ 2022ರಲ್ಲಿ ವಿಶ್ಲೇಷಿಸಿತು. ಬಸ್ಸು ಹಿಡಿಯಲು ಓಡುವುದು, ಸರಸರ ಮೆಟ್ಟಿಲೇರುವುದು, ಇಂಥ ಒಂದೆರಡು ನಿಮಿಷಗಳ ಬಿರುಸಿನ ಚಲನೆ ದಿನಕ್ಕೆ ಮೂರು ಸಲ ಇದ್ದವರಲ್ಲಿ, ಅದೂ ಇಲ್ಲದವರಿಗೆ ಹೋಲಿಸಿದರೆ, ಹೃದಯ ಮತ್ತು ರಕ್ತನಾಳದ ಕಾಯಿಲೆಗಳ ಸಾವು ಹೆಚ್ಚುಕಡಿಮೆ ಅರ್ಧದಷ್ಟಿತ್ತು. ಜಿಮ್ಮಿಗೆ ಹಣವಿಲ್ಲದವರಿಗೆ, ವೇಳೆಯಿಲ್ಲದವರಿಗೆ ಇದು ನಿಜಕ್ಕೂ ಸಂತೋಷದ ಸುದ್ದಿ. ಕನಿಷ್ಠ ಹತ್ತು ನಿಮಿಷ ಸತತವಾಗಿ ನಡೆದರೆ ಮಾತ್ರ ಲೆಕ್ಕ ಎಂಬ ಹಳೆಯ ನಿಯಮವನ್ನು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಕೈಬಿಟ್ಟದ್ದಕ್ಕೂ ಇಂಥ ಅಳತೆಗಳ ಬಲವಿದೆ.

ಖಾಲಿದಿಯಾದ ಕನ್ನಡಿಗರಿಗೆ ಈ ಮಾತು ಅನ್ವಯಿಸದೆ ಇರುವುದಿಲ್ಲ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವ ವಯಸ್ಸು ಸರಾಸರಿ 53. ಉಳಿದವರಿಗೆ ಸುಮಾರು 59. ಅದೇ ಅಧ್ಯಯನದಲ್ಲಿ ನಿಯಮಿತ ವ್ಯಾಯಾಮ ಮಾಡುವವರ ಪ್ರಮಾಣ ದಕ್ಷಿಣ ಏಷ್ಯಾದವರಲ್ಲಿ ಶೇಕಡಾ 6ರಷ್ಟಿದ್ದರೆ, ಇತರರಲ್ಲಿ ಶೇಕಡಾ 22ರ ಹತ್ತಿರವಿತ್ತು. ತೆಳ್ಳಗೆ ಕಾಣುವ ಮೈಯಲ್ಲೂ ಹೊಟ್ಟೆಯ ಸುತ್ತ ಕೊಬ್ಬು, ಯಕೃತ್ತಿನಲ್ಲಿ ಕೊಬ್ಬು, ಇನ್ಸುಲಿನ್‌ಗೆ ಓಗೊಡದ ಸ್ನಾಯು ಈ ಉಪಖಂಡದವರಿಗೆ ಸಾಮಾನ್ಯ. ಐಸಿಎಂಆರ್‌ನ ಇಂಡಿಯಾಬ್ ಅಧ್ಯಯನ 2023ರಲ್ಲಿ ಭಾರತದ ಮಧುಮೇಹಿಗಳ ಸಂಖ್ಯೆಯನ್ನು 10 ಕೋಟಿ 10 ಲಕ್ಷವೆಂದು ಅಂದಾಜು ಮಾಡಿತು. ಊಟವಾದ ಮೇಲೆ ಕಾಲು ಗಂಟೆ ನಡೆದರೆ, ಸಂಕುಚಿಸುವ ಸ್ನಾಯು ಇನ್ಸುಲಿನ್ನಿನ ನೆರವಿಲ್ಲದೆಯೂ ರಕ್ತದ ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ. ಲಿಫ್ಟಿನಿಂದ ಕಾರಿಗೆ, ಕಾರಿನಿಂದ ಕುರ್ಚಿಗೆ ಬದುಕುವ ಲೆಕ್ಕಿಗನೋ ಎಂಜಿನಿಯರನೋ ಕಾರ್ನಿಶ್‌ನಲ್ಲಿ ನಡೆಯುವುದು ಒಳ್ಳೆಯದೇ. ಅದನ್ನು ಯಾರೂ ಹಳಿಯಬೇಕಾಗಿಲ್ಲ.

ಹಳಿಯಬೇಕಾದದ್ದು ಆ ನಡಿಗೆಯಿಂದ ಹೊರಡಿಸುವ ತೀರ್ಮಾನವನ್ನು. “ದಿನವಿಡೀ ಮೈಮುರಿದು ದುಡಿಯುವವನಿಗೆ ಬೇರೆ ವ್ಯಾಯಾಮವೇಕೆ, ಅವನಿಗೆಲ್ಲಿಯ ಹೃದ್ರೋಗ” ಎಂಬ ಮಾತು ಊರಿನ ಜಗುಲಿಯಿಂದ ಹಿಡಿದು ಅಬುಧಾಬಿಯ ಔತಣಕೂಟಗಳವರೆಗೆ ಕೇಳಿಬರುತ್ತದೆ. ಡೆನ್ಮಾರ್ಕಿನ ಆಂಡ್ರಿಯಾಸ್ ಹೋಲ್ಟರ್‌ಮನ್ ಮತ್ತು ಸಂಗಡಿಗರು ಈ ನಂಬಿಕೆಯನ್ನು 1,04,046 ಜನರ ಮೇಲೆ ಪರೀಕ್ಷಿಸಿ 2021ರಲ್ಲಿ ‘ಯುರೋಪಿಯನ್ ಹಾರ್ಟ್ ಜರ್ನಲ್’ನಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಡುವಿನ ವೇಳೆಯಲ್ಲಿ ಹೆಚ್ಚು ಚಟುವಟಿಕೆಯಿಂದ ಇರುವವರಲ್ಲಿ ಸಾವಿನ ಪ್ರಮಾಣ ಶೇಕಡಾ 40ರಷ್ಟು ಕಡಿಮೆಯಿತ್ತು. ಕೆಲಸದಲ್ಲಿ ಅತಿ ಹೆಚ್ಚು ಮೈದಣಿಸುವವರಲ್ಲಿ ಅದು ಶೇಕಡಾ 27ರಷ್ಟು ಹೆಚ್ಚಿತ್ತು. ಹೃದಯಾಘಾತ, ಪಾರ್ಶ್ವವಾಯುವಿನಂಥ ಗಂಭೀರ ಆಘಾತಗಳು ಶೇಕಡಾ 35ರಷ್ಟು ಹೆಚ್ಚಿದ್ದವು. ದೇಹ ಒಂದೇ, ಚಲನೆಯೂ ಒಂದೇ. ಫಲ ಮಾತ್ರ ತದ್ವಿರುದ್ಧ. ವಿಜ್ಞಾನಿಗಳು ಇದನ್ನು ದೇಹಚಟುವಟಿಕೆಯ ವಿರೋಧಾಭಾಸ ಎಂದು ಕರೆಯುತ್ತಾರೆ.

ಅವರು ಕೊಡುವ ವಿವರಣೆ ಸರಳವಾಗಿದೆ. ಬಿಡುವಿನ ವ್ಯಾಯಾಮ ಅಲ್ಪಕಾಲದ್ದು, ತನಗೆ ಬೇಕಾದಷ್ಟು ಬಿರುಸಿನದು, ದಣಿದಾಗ ನಿಲ್ಲಿಸಬಹುದು. ಆಮೇಲೆ ದೊರೆಯುವ ವಿಶ್ರಾಂತಿಯಲ್ಲಿ ಹೃದಯ ಬಲಗೊಳ್ಳುತ್ತದೆ, ನಾಡಿ ಇಳಿಯುತ್ತದೆ. ಕೂಲಿಯ ದುಡಿಮೆ ಗಂಟೆಗಟ್ಟಲೆ ನಡೆಯುವಂಥದ್ದು. ಹೃದಯವನ್ನು ಬಲಪಡಿಸುವಷ್ಟು ಬಿರುಸು ಅದರಲ್ಲಿಲ್ಲ, ಬಿಟ್ಟುಬಿಡುವಷ್ಟು ಹಗುರವೂ ಅದಲ್ಲ. ಭಾರ ಎತ್ತುವಾಗ, ಒಂದೇ ಭಂಗಿಯಲ್ಲಿ ನಿಂತಾಗ ರಕ್ತದೊತ್ತಡ ಏರುತ್ತದೆ. ದಿನವಿಡೀ ಏರಿದ ನಾಡಿ ರಾತ್ರಿಯೂ ಪೂರ್ತಿ ಇಳಿಯುವುದಿಲ್ಲ. ಯಾವಾಗ ನಿಲ್ಲಬೇಕೆಂಬುದು ದುಡಿಯುವವನ ಕೈಯಲ್ಲಿ ಇರುವುದಿಲ್ಲ.

ಆಕ್ಷೇಪವೊಂದಿದೆ, ಅದು ಗಂಭೀರವಾದದ್ದು. ಡೆನ್ಮಾರ್ಕಿನ ಆ ದತ್ತಾಂಶ ಜನ ತಾವೇ ತುಂಬಿದ ಪ್ರಶ್ನಾವಳಿಯದು. ಬಡತನ, ಧೂಮಪಾನ, ಶಿಕ್ಷಣದ ಕೊರತೆ ಇವುಗಳ ಪ್ರಭಾವವನ್ನು ಎಷ್ಟೇ ಸರಿದೂಗಿಸಿದರೂ ಪೂರ್ತಿ ತೆಗೆದುಹಾಕಲಾಗದು ಎನ್ನುತ್ತಾರೆ ವಿಮರ್ಶಕರು. ಮಾರಿಸ್ ಪ್ಯಾಂಟಿನ ಅಳತೆಯಿಂದ ಕಲಿಸಿದ ಪಾಠವೇ ಇದು. ಒಪ್ಪೋಣ. ಆದರೆ ಹಾಗೆ ಒಪ್ಪಿದರೆ ಹೆಜ್ಜೆಯ ಭಕ್ತರಿಗೆ ಇನ್ನಷ್ಟು ಕಷ್ಟ. ಕೂಲಿಯವರ ಹೃದಯವನ್ನು ಬಡತನವೇ ಕೆಡಿಸುತ್ತಿದ್ದರೆ, ಅವರ ಸಾವಿರಾರು ಹೆಜ್ಜೆಗಳು ಆ ಬಡತನದ ಎದುರು ಸೋಲುತ್ತಿವೆ ಎಂದೇ ಅರ್ಥ. ಹಾಗಿದ್ದರೆ ಲಂಡನ್ನಿನ ಕಂಡಕ್ಟರುಗಳನ್ನು ಅವರ ಕೆಲಸವೇ ಹೇಗೆ ಕಾಪಾಡಿತು? ಅವರ ಚಲನೆ ಮೆಟ್ಟಿಲೇರುವ ಸಣ್ಣ ಸಣ್ಣ ಬಿರುಸುಗಳದು, ಭಾರ ಹೊರುವುದಲ್ಲ. ಅವರಿಗೆ ನಿಗದಿತ ಪಾಳಿಯಿತ್ತು, ಬಲವಾದ ಕಾರ್ಮಿಕ ಸಂಘಟನೆಯಿತ್ತು, 1948ರಿಂದ ಉಚಿತ ಆರೋಗ್ಯ ಸೇವೆಯಿತ್ತು, ಸಂಜೆ ಮರಳಲು ಮನೆಯಿತ್ತು. ಮೆಟ್ಟಿಲನ್ನು ಮಾತ್ರ ನೆನಪಿಟ್ಟುಕೊಂಡು ಸಂಘಟನೆಯನ್ನು ಮರೆಯುವುದು ಆ ಇತಿಹಾಸವನ್ನು ಅರ್ಧ ಓದಿದಂತೆ.

ಅಳತೆಗೆ ಸಿಕ್ಕವರು ಯಾರು ಎಂಬುದನ್ನೂ ಗಮನಿಸಬೇಕು. ಯುಕೆ ಬಯೋಬ್ಯಾಂಕಿಗೆ ಸ್ವಯಂಪ್ರೇರಿತರಾಗಿ ಬಂದವರು ಬ್ರಿಟನ್ನಿನ ಸರಾಸರಿ ಜನರಿಗಿಂತ ಆರೋಗ್ಯವಂತರು, ಉಳ್ಳವರು. ಹಾರ್ವರ್ಡ್‌ನ ಮಹಿಳೆಯರು ನಿವೃತ್ತಿಯ ವಯಸ್ಸಿನವರು. ಮುಸಫಾದ ಲೇಬರ್ ಕ್ಯಾಂಪಿನಲ್ಲಿ ಮಂಚದ ಮೇಲೊಂದು ಮಂಚವಿರುವ ಕೋಣೆಯಲ್ಲಿ ಮಲಗಿ, ನಸುಕಿಗೇ ಎದ್ದು ಕಂಪನಿಯ ಬಸ್ಸಿನಲ್ಲಿ ನಗರಕ್ಕೆ ಬರುವ ಮೇಸ್ತ್ರಿ ಆ ದತ್ತಾಂಶದಲ್ಲಿ ಇಲ್ಲ. ಅವನ ಕೈಗೆ ಗಡಿಯಾರ ಕಟ್ಟಿದರೂ ಅದು ಸರಿಯಾಗಿ ಓದುವುದಿಲ್ಲ. ತಳ್ಳುಗಾಡಿ ಹಿಡಿದ ಕೈ ಬೀಸದು. ಬೀಸದ ಕೈಯ ಹೆಜ್ಜೆಗಳು ಎಣಿಕೆ ತಪ್ಪುತ್ತವೆ. ತಲೆಯ ಮೇಲಿನ ಸಿಮೆಂಟಿನ ಭಾರ ಹೆಜ್ಜೆಯ ಲೆಕ್ಕಕ್ಕೆ ಬರುವುದೇ ಇಲ್ಲ. ಬಿಸಿಲಿನಲ್ಲಿ ಮೈ ತಣಿಸಲು ರಕ್ತವನ್ನು ಚರ್ಮಕ್ಕೆ ನೂಕುತ್ತಾ ಹೃದಯ ಹೊಡೆದುಕೊಳ್ಳುವಾಗ, ನಾಡಿಬಡಿತವನ್ನು ನೆಚ್ಚಿದ ಸಾಧನ ಆ ಸಂಕಟವನ್ನೇ ‘ಸಕ್ರಿಯ ನಿಮಿಷ’ಗಳೆಂದು ಬರೆದುಕೊಂಡು ಶಹಬ್ಬಾಸ್ ಎನ್ನಬಹುದು.

ಇದು ಕಲ್ಪನೆಯ ಭೀತಿಯಲ್ಲ. ಪಕ್ಕದ ಕತಾರ್‌ನಲ್ಲಿ 2009ರಿಂದ 2017ರವರೆಗೆ ಸತ್ತ ನೇಪಾಳಿ ಕಾರ್ಮಿಕರ ಬಗ್ಗೆ ‘ಕಾರ್ಡಿಯಾಲಜಿ’ ಪತ್ರಿಕೆಯಲ್ಲಿ 2019ರಲ್ಲಿ ಬಂದ ಅಧ್ಯಯನ, ಹೃದಯದ ಕಾರಣಕ್ಕೆ ಆದವೆಂದು ದಾಖಲಾದ 571 ಸಾವುಗಳನ್ನು ಹವಾಮಾನದ ಪಕ್ಕದಲ್ಲಿಟ್ಟು ನೋಡಿತು. ಬಿಸಿಲು ಏರಿದ ತಿಂಗಳುಗಳಲ್ಲಿ ಸಾವೂ ಏರಿತ್ತು. ಬಿಸಿಲಿನಿಂದ ಸರಿಯಾದ ರಕ್ಷಣೆ ಇದ್ದಿದ್ದರೆ ಆ 571ರಲ್ಲಿ ಸುಮಾರು 200 ಸಾವುಗಳನ್ನು ತಪ್ಪಿಸಬಹುದಿತ್ತೆಂದು ಸಂಶೋಧಕರು ಅಂದಾಜಿಸಿದರು. ಇವರೆಲ್ಲ ಊರು ಬಿಡುವಾಗ ಆರೋಗ್ಯ ತಪಾಸಣೆಯಲ್ಲಿ ಪಾಸಾಗಿ ಬಂದವರು, ದಿನವೂ ದುಡಿದವರು. ಇವರಿಗೆ ಹೆಜ್ಜೆಗಳ ಕೊರತೆ ಖಂಡಿತ ಇರಲಿಲ್ಲ.

ಯುಎಇಯಲ್ಲಿ ಬೇಸಿಗೆಯ ಮಧ್ಯಾಹ್ನದ ವಿರಾಮ ಎರಡು ದಶಕಗಳಿಂದ ಜಾರಿಯಲ್ಲಿದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ನೇರ ಬಿಸಿಲಿನ ಕೆಲಸಕ್ಕೆ ನಿಷೇಧವಿದೆ. ಮೀರಿದ ಕಂಪನಿಗೆ ತಲಾ ಕಾರ್ಮಿಕನಿಗೆ 5,000 ದಿರ್ಹಮ್ ದಂಡವಿದೆ. ಮೆಚ್ಚಬೇಕಾದ ಕಾನೂನು. ಆದರೆ ಅದು ಗಡಿಯಾರದ ಮುಳ್ಳನ್ನು ನೋಡುತ್ತದೆಯೇ ಹೊರತು ಉಷ್ಣಮಾಪಕವನ್ನಲ್ಲ. ಮೇ ತಿಂಗಳ ಸುಡುಬಿಸಿಲು, ಬೆಳಗಿನ ಹತ್ತು ಗಂಟೆಯ ತೇವಭರಿತ ಸೆಕೆ, ಕಡಲ ಗಾಳಿಯಲ್ಲಿ ಬೆವರು ಆರದ ಆಗಸ್ಟಿನ ರಾತ್ರಿ ಪಾಳಿ, ಇವೆಲ್ಲ ಅದರ ಹೊರಗೆ ಉಳಿಯುತ್ತವೆ. ಮನೆಗೆಲಸದವರಿಗಾಗಿ 2022ರಲ್ಲಿ ಬಂದ ಕಾನೂನು ದಿನಕ್ಕೆ 12 ಗಂಟೆ ವಿಶ್ರಾಂತಿ, ಅದರಲ್ಲಿ 8 ಗಂಟೆ ಸತತ, ವಾರಕ್ಕೊಂದು ರಜೆ ಎನ್ನುತ್ತದೆ. ಅದು ಪಾಲನೆಯಾಗುತ್ತಿದೆಯೇ ಎಂದು ಮುಚ್ಚಿದ ಬಾಗಿಲ ಹಿಂದೆ ನೋಡುವವರು ಯಾರು? ಖಾಲಿದಿಯಾದ ಕನ್ನಡ ಮನೆಗಳೂ ಈ ಪ್ರಶ್ನೆಗೆ ಉತ್ತರಿಸಬೇಕು.

ಈ ನಾಡು ದೇಹಗಳನ್ನು ಅಳೆಯುವುದಿಲ್ಲವೆಂದಲ್ಲ. ಅಬುಧಾಬಿಯ ಆರೋಗ್ಯ ಪ್ರಾಧಿಕಾರ 2008ರಲ್ಲಿ ‘ವಿಕಾಯಾ’ ಎಂಬ ಹೃದಯ ತಪಾಸಣಾ ಕಾರ್ಯಕ್ರಮ ಆರಂಭಿಸಿ ತನ್ನ ಪ್ರಜೆಗಳನ್ನು ಮಾದರಿಯೆನಿಸುವಂತೆ ಪರೀಕ್ಷಿಸಿತು. 50,000ಕ್ಕೂ ಹೆಚ್ಚು ಎಮಿರಾತಿ ವಯಸ್ಕರಲ್ಲಿ ಶೇಕಡಾ 18 ಮಂದಿಗೆ ಮಧುಮೇಹ, ಮತ್ತೆ ಶೇಕಡಾ 27 ಮಂದಿ ಅದರ ಹೊಸ್ತಿಲಲ್ಲಿ ಇದ್ದದ್ದು ಗೊತ್ತಾಯಿತು. ಗೊತ್ತಾದ್ದರಿಂದ ಚಿಕಿತ್ಸೆಗೆ ದಾರಿಯಾಯಿತು. ಆದರೆ ಯುಎಇಯ ಜನಸಂಖ್ಯೆಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಹೊರಗಿನವರು. ಅವರ ದೇಹವನ್ನು ಸರ್ಕಾರ ನೋಡುವುದು ವೀಸಾದ ವೈದ್ಯಕೀಯ ಪರೀಕ್ಷೆಯಲ್ಲಿ, ಮುಖ್ಯವಾಗಿ ಎಚ್‌ಐವಿ, ಕ್ಷಯದಂಥ ಅಂಟುರೋಗಗಳಿಗಾಗಿ. ಈ ದೇಹದಿಂದ ಇತರರಿಗೆ ಅಪಾಯವಿದೆಯೇ ಎಂದು ಅಲ್ಲಿ ಕೇಳಲಾಗುತ್ತದೆ. ಈ ದೇಹಕ್ಕೇ ಅಪಾಯವಿದೆಯೇ ಎಂಬ ಪ್ರಶ್ನೆ ಅಲ್ಲಿಲ್ಲ. ಬಿ.ಪಿ. ನೋಡಲು ಎರಡು ನಿಮಿಷ ಸಾಕು, ಶುಗರ್ ನೋಡಲು ಹೇಗೂ ರಕ್ತ ತೆಗೆದಿರುತ್ತಾರೆ.

ಈ ಕೊರತೆಯ ಎದುರು ಹಬ್ಬದ ಸಡಗರವೊಂದಿದೆ. 2017ರಿಂದ ದುಬೈಯಲ್ಲಿ ಪ್ರತಿವರ್ಷ ಮೂವತ್ತು ದಿನ, ದಿನಕ್ಕೆ ಮೂವತ್ತು ನಿಮಿಷದ ‘ಫಿಟ್‌ನೆಸ್ ಚಾಲೆಂಜ್’ ನಡೆಯುತ್ತಿದೆ. ಶೇಖ್ ಝಾಯೆದ್ ರಸ್ತೆಯನ್ನೇ ಒಂದು ಬೆಳಗು ಓಟಗಾರರಿಗೆ ಬಿಟ್ಟುಕೊಡುತ್ತಾರೆ. ಅದರ ನೆರಳಿನಲ್ಲಿ ಕಚೇರಿ ಕಚೇರಿಗಳಲ್ಲಿ ಹೆಜ್ಜೆಯ ಸ್ಪರ್ಧೆ, ವಾಟ್ಸಾಪ್ ಗುಂಪುಗಳಲ್ಲಿ ಅಂಕಪಟ್ಟಿ, ಗೆದ್ದವರಿಗೆ ಕೂಪನ್. ಜನ ಓಡಲಿ, ಒಳ್ಳೆಯದು. ಆದರೆ ಅಂಕಪಟ್ಟಿಯ ಮೇಲಿನ ಭಕ್ತಿಗೆ ಆಧಾರ ಎಷ್ಟು ಗಟ್ಟಿ? ಸ್ಟ್ಯಾನ್‌ಫರ್ಡ್ ಸಂಶೋಧಕರು 2017ರಲ್ಲಿ ಏಳು ಸಾಧನಗಳನ್ನು ಪರೀಕ್ಷಿಸಿದಾಗ ಆರು ಸಾಧನಗಳು ನಾಡಿಬಡಿತವನ್ನು ಚೆನ್ನಾಗಿಯೇ ಅಳೆದವು. ಕ್ಯಾಲೊರಿಯ ಲೆಕ್ಕದಲ್ಲಿ ಮಾತ್ರ ಅತ್ಯುತ್ತಮ ಸಾಧನವೂ ಶೇಕಡಾ 27ರಷ್ಟು ತಪ್ಪಿತ್ತು. 2016ರಲ್ಲಿ ಪ್ರಕಟವಾದ ಎರಡು ವರ್ಷಗಳ ಅಮೆರಿಕನ್ ಪ್ರಯೋಗವೊಂದರಲ್ಲಿ, ತೂಕ ಇಳಿಸುವ ಕಾರ್ಯಕ್ರಮದ ಜೊತೆಗೆ ಸಾಧನ ಧರಿಸಿದವರು 3.5 ಕಿಲೋ ಇಳಿದರೆ, ಸಾಧನವಿಲ್ಲದವರು 5.9 ಕಿಲೋ ಇಳಿದರು. ಅಳೆದಾಕ್ಷಣ ಆರೋಗ್ಯ ಬರುವುದಿಲ್ಲ.

ಅಳತೆಯ ಒಡೆತನದ ಪ್ರಶ್ನೆ ಇನ್ನೂ ಸೂಕ್ಷ್ಮ. ವೀಸಾ ಯಾರ ಕೈಯಲ್ಲಿದೆಯೋ ಆ ಮಾಲೀಕನೇ ಹೆಜ್ಜೆಯ ಸ್ಪರ್ಧೆಯನ್ನೂ ಏರ್ಪಡಿಸುವಾಗ ‘ಸ್ವಇಚ್ಛೆ’ ಎಂಬ ಪದಕ್ಕೆ ಎಷ್ಟು ಬೆಲೆ? ಇಂದು ಬಹುಮಾನಕ್ಕೆ ಕೊಟ್ಟ ನಾಡಿಬಡಿತದ, ನಿದ್ದೆಯ ಮಾಹಿತಿ ನಾಳೆ ಒಪ್ಪಂದ ನವೀಕರಣದ ಮೇಜಿನ ಮೇಲೆ ಬಾರದೆಂದು ಹೇಳುವವರು ಯಾರು? ನಲವತ್ತೈದು ದಾಟಿದ, ಬಿ.ಪಿ. ಮಾತ್ರೆ ನುಂಗುವ ಅನಿವಾಸಿ ನೌಕರ ಈ ಭಯವನ್ನು ಬಾಯಿಬಿಟ್ಟು ಹೇಳಲಾರ. ನಗುನಗುತ್ತಾ ಗಡಿಯಾರ ಕಟ್ಟಿಕೊಳ್ಳುತ್ತಾನೆ.

ಊರಿನ ಕಡೆ ನೋಡಿದರೂ ಇದೇ ಚಿತ್ರ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, 46ರ ವಯಸ್ಸಿಗೆ ತೀರಿಕೊಂಡಾಗ ಕರ್ನಾಟಕದ ಚರ್ಚೆಯೆಲ್ಲ ಜಿಮ್ಮಿನ ಸುತ್ತ ಸುತ್ತಿತು. 2025ರ ಬೇಸಿಗೆ ಕಳೆದು ಹಾಸನ ಜಿಲ್ಲೆಯ ಸಾಲು ಸಾಲು ಹೃದಯಾಘಾತಗಳು ಸುದ್ದಿಯಾದಾಗ ಜನ ಗಾಬರಿಯಿಂದ ಜಯದೇವ ಆಸ್ಪತ್ರೆಗೆ ಮುಗಿಬಿದ್ದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಅಸಹಜ ಏರಿಕೆಯೇನೂ ಇಲ್ಲವೆಂದಿತು. ಆದರೆ ಸತ್ತವರಲ್ಲಿ ಆಟೋ, ಕ್ಯಾಬ್ ಓಡಿಸುವವರ ಪಾಲು ಎದ್ದು ಕಾಣುವಂತಿದೆ ಎಂದು ಗುರುತಿಸಿತು. 1953ರ ಲಂಡನ್ನಿನ ಬಸ್ ಚಾಲಕನಿಂದ 2025ರ ಹಾಸನದ ಆಟೋ ಚಾಲಕನವರೆಗೆ ಹೃದಯ ಒಂದೇ ಮಾತು ಹೇಳುತ್ತಿದೆ: ನನ್ನನ್ನು ನೋಡಬೇಕಿದ್ದರೆ ನನ್ನ ಕೆಲಸವನ್ನು ನೋಡಿ.

ಹಾಗಾದರೆ ಗಡಿಯಾರ ಬಿಚ್ಚಿಡಬೇಕೇ? ಖಂಡಿತ ಬೇಡ. ಬಲ್ಲವರ ಕೈಗೆ ಅದು ಒಳ್ಳೆಯ ಸಾಧನ. ಹೋಲ್ಟರ್‌ಮನ್ ಕೆಲಸ ಮಾಡುವ ಕೋಪನ್‌ಹೇಗನ್ ಕೇಂದ್ರದ ಸಂಶೋಧಕರು ಗುಡಿಸುವವರ, ಕಾರ್ಖಾನೆಯವರ, ಸಾಗಣೆಯವರ ತೊಡೆಗೆ ಸಂವೇದಕ ಅಂಟಿಸಿ, ಕೂತದ್ದು, ನಿಂತದ್ದು, ನಡೆದದ್ದನ್ನು ಕೆಲಸದ ಹೊತ್ತು ಮತ್ತು ಬಿಡುವಿನ ಹೊತ್ತು ಎಂದು ಬೇರ್ಪಡಿಸಿ ಅಳೆದಿದ್ದಾರೆ. ಕೊಲ್ಲಿಯಲ್ಲಿ ಬೇಕಾದದ್ದು ಇಂಥ ಅಳತೆ. ಕಾರ್ಮಿಕನ ಹೆಸರು ಮಾಲೀಕನಿಗೆ ತಿಳಿಯದಂತೆ ಅವನ ದಣಿವು, ನಿದ್ದೆ, ಮೈಯ ಬಿಸಿ ದಾಖಲಾಗಲಿ. ಆ ದಾಖಲೆ ಅವನನ್ನು ಕೆಲಸದಿಂದ ತೆಗೆಯಲು ಬಳಕೆಯಾಗದೆ ಕೆಲಸದ ವೇಳೆಯನ್ನು ಬದಲಿಸಲು ಬಳಕೆಯಾಗಲಿ.

ಕೇಳಬೇಕಾದ ಬೇಡಿಕೆಗಳು ದೊಡ್ಡವಲ್ಲ. ವೀಸಾ ತಪಾಸಣೆಯಲ್ಲಿ ಬಿ.ಪಿ. ಮತ್ತು ಶುಗರ್ ಸೇರಲಿ; ಹೆಚ್ಚಿದೆಯೆಂದು ಗೊತ್ತಾದರೆ ಅದು ವಾಪಸು ಕಳಿಸುವ ಕಾರಣವಾಗದೆ ಔಷಧಿಯ ಚೀಟಿಯಾಗಲಿ. ಖಾಸಗಿ ವಲಯದ ನೌಕರರಿಗೆಲ್ಲ ಆರೋಗ್ಯ ವಿಮೆ 2025ರ ಜನವರಿಯಿಂದ ಇಡೀ ಯುಎಇಯಲ್ಲಿ ಕಡ್ಡಾಯವಾಗಿರುವಾಗ ಇದು ಅಸಾಧ್ಯವೇನಲ್ಲ. ಮಧ್ಯಾಹ್ನದ ವಿರಾಮ ತಾರೀಕಿಗೆ ಬದಲು ಬಿಸಿ ಮತ್ತು ತೇವದ ಅಳತೆಯನ್ನು ಅನುಸರಿಸಲಿ. ಕ್ಯಾಂಪಿನ ಕೋಣೆಯಲ್ಲಿ ಏಳು ಗಂಟೆಯ ನಿದ್ದೆ ಸಾಧ್ಯವಾಗುವಷ್ಟು ಹತ್ತಿರ ಕೆಲಸವಿರಲಿ, ಇಲ್ಲವೇ ಬಸ್ಸಿನಲ್ಲಿ ಕಳೆದ ಹೊತ್ತನ್ನು ದುಡಿಮೆಯೆಂದು ಎಣಿಸಲಿ.

ಕಾನೂನು ಬದಲಿಸುವುದು ಅನಿವಾಸಿಗಳ ಕೈಯಲ್ಲಿಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೈಯಲ್ಲಿ ಇರುವುದೂ ಕಡಿಮೆಯಿಲ್ಲ. ರಾಜ್ಯೋತ್ಸವಕ್ಕೆ ಊರಿನಿಂದ ಕಲಾವಿದರನ್ನು ಕರೆಸಬಲ್ಲ ಕನ್ನಡ ಸಂಘಟನೆಗಳಿಗೆ, ಅನುಮತಿ ಪಡೆದು ಒಂದು ಭಾನುವಾರ ಬಿ.ಪಿ. ಯಂತ್ರ ಹಿಡಿದು ಮುಸಫಾಕ್ಕೆ ಹೋಗುವುದು ಕಷ್ಟವಲ್ಲ. ಖಾಲಿದಿಯಾದ ಮನೆಯೊಡತಿ ಸಂಜೆ ನಡಿಗೆಗೆ ಹೊರಡುವ ಆ ಒಂದು ಗಂಟೆ ಮನೆಗೆಲಸದವಳಿಗೂ ಕಾಲುಚಾಚುವ ಗಂಟೆಯಾಗಬಹುದು. ಸೈಟಿನ ಎಂಜಿನಿಯರ್ ತನ್ನ ಸಹಿಯ ಬಲದಿಂದ ನೆರಳು, ನೀರು, ಹತ್ತು ನಿಮಿಷದ ವಿರಾಮಗಳನ್ನು ಕೆಲಸದ ಪಟ್ಟಿಗೆ ಸೇರಿಸಬಹುದು.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ನಂಬಿ ಕಡಲು ದಾಟಿದವರು ಕನ್ನಡ ಕರಾವಳಿಯ, ಬಯಲುಸೀಮೆಯ ದುಡಿಮೆಗಾರರು. ಶರಣರ ‘ಕಾಯಕ’ ಎಂಬ ಮಾತಿನೊಳಗೇ ಕಾಯವಿದೆ. ಕಾಯವನ್ನು ಸವೆಸಿ ಎಸೆಯುವ ದುಡಿಮೆಗೆ ಆ ಹೆಸರು ಸಲ್ಲದು. ಖಾಲಿದಿಯಾದ ಅಂಕಪಟ್ಟಿಯಲ್ಲಿ ಇಂದು 10,000 ದಾಟಿದವರಿಗೆ ಅಭಿನಂದನೆ ಸಲ್ಲಲಿ. ಆ ಪಟ್ಟಿಯಲ್ಲಿ ಹೆಸರೇ ಇಲ್ಲದೆ ಅದರ ಎರಡರಷ್ಟು ನಡೆದವರಿಗೆ ಸಲ್ಲಬೇಕಾದದ್ದು ಅಭಿನಂದನೆಯಲ್ಲ. ನೆರಳು, ನಿದ್ದೆ, ವಾರಕ್ಕೊಂದು ದಿನದ ರಜೆ, ಮತ್ತು ಹೃದಯ ಕೈಕೊಡುವ ಮೊದಲೇ ಅದರ ಬಡಿತಕ್ಕೆ ಕಿವಿಗೊಡುವ ಒಬ್ಬ ವೈದ್ಯ.